ಕೂಲಿಯವರ ಅಪಘಾತ ವಿಮೆ: ಅಸಲು ಬಂತು, ಬಡ್ಡಿ ಮತ್ತು ವಕೀಲರ ಬಿಲ್ಲು ನನಗೇ ಉಳಿಯಿತು

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಕಂಪನಿ ಹೆಸರು ಹಾಕುವುದಿಲ್ಲ. ಯಾಕಂದ್ರೆ ಬೇರೆ ಕಂಪನಿಗಳ ಪಾಲಿಸಿ ಪುಸ್ತಕವನ್ನೂ ತರಿಸಿ ಓದಿದೆ, ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಭಾಷೆ. ಹಾಗಾಗಿ ಇದು ಒಂದು ಕಂಪನಿಯ ಮೇಲಿನ ದೂರಿಗಿಂತ ಈ ನಮೂನೆ ಪಾಲಿಸಿಯ ವಿಮರ್ಶೆ ಅಂತ ಓದಿಕೊಳ್ಳಿ. ಕಾಗದದಲ್ಲಿ ಇದರ ಹೆಸರು ಎಂಪ್ಲಾಯೀಸ್ ಕಾಂಪನ್ಸೇಶನ್ ಪಾಲಿಸಿ. ನಮ್ಮ ಲೈನಿನಲ್ಲಿ ಈಗಲೂ ಡಬ್ಲ್ಯೂಸಿ ಪಾಲಿಸಿ ಅಂತಲೇ ಕರೆಯುತ್ತಾರೆ, ಮೂಲ ಕಾಯ್ದೆಗೆ ಮುಂಚೆ ವರ್ಕ್‌ಮೆನ್ಸ್ ಕಾಂಪನ್ಸೇಶನ್ ಆಕ್ಟ್, 1923 ಅಂತ ಹೆಸರಿತ್ತು, ಅದಕ್ಕೆ.

ನಾನು ಸೆಂಟ್ರಿಂಗ್ ಕೆಲಸದ ಸಬ್ ಕಾಂಟ್ರಾಕ್ಟರ್. ಬಿಲ್ಡರ್ ಕೈಯಿಂದ ಸ್ಲ್ಯಾಬು ಲೆಕ್ಕದಲ್ಲಿ ಕೆಲಸ ಹಿಡಿಯುತ್ತೇನೆ, ಹುಡುಗರು ನನ್ನವರು, ಕೂಲಿ ಕೊಡುವವನು ನಾನು. 2022ರಲ್ಲಿ ಸೆಂಟ್ರಿಂಗ್ ಬಿಚ್ಚುವಾಗ ಒಂದು ಜಾಕಿ ಜಾರಿತು, ಶೀಟು ಸಮೇತ ಮೇಲಿನ ತೊಲೆ ಕೆಳಗೆ ಬಂತು. ನಮ್ಮ ಕಾರ್ಪೆಂಟರ್ ಒಬ್ಬರ ಬಲಗೈ ಮಣಿಕಟ್ಟಿನ ಹತ್ತಿರ ಜಜ್ಜಿಹೋಯಿತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಆ ಕೈಯಲ್ಲಿ ಮತ್ತೆ ಸುತ್ತಿಗೆ ಹಿಡಿಯಲು ಆಗಲೇ ಇಲ್ಲ.

ಪಾಲಿಸಿ ಚಾಲ್ತಿಯಲ್ಲಿತ್ತು. ಏಜೆಂಟ್ ಫೋನಿನಲ್ಲಿ, "ಏನೂ ತಲೆ ಕೆಡಿಸ್ಕೋಬೇಡಿ ಸಾರ್, ಎಲ್ಲಾ ಕಂಪನಿ ನೋಡ್ಕೊಳ್ಳುತ್ತೆ" ಅಂದರು. ಈ "ಎಲ್ಲಾ" ಅನ್ನುವುದರ ಒಳಗೆ ಏನೇನಿದೆ ಅಂತ ಬಿಡಿಸಿ ನೋಡಿದರೆ ಆರೇಳು ಬಾಬತ್ತು ಸಿಗುತ್ತವೆ: ಪರಿಹಾರದ ಅಸಲು, ಆಸ್ಪತ್ರೆ ಖರ್ಚು, ತಡವಾದರೆ ಬಡ್ಡಿ, ಅದರ ಮೇಲೆ ದಂಡ, ನನ್ನ ವಕೀಲರ ಫೀಸು, ಬಿಲ್ಡರ್ ವಕೀಲರ ಫೀಸು, ಕೂಲಿಯವರ ವಕೀಲರ ಫೀಸು. ಪಾಲಿಸಿ ಒಂದೊಂದನ್ನೂ ಬೇರೆ ಬೇರೆ ಕಣ್ಣಿನಲ್ಲಿ ನೋಡುತ್ತದೆ.

ಮೊದಲು ಅಸಲು. ಇದರಲ್ಲಿ ಪಾಲಿಸಿಗೆ ಪೂರ್ತಿ ಮಾರ್ಕ್ಸ್.

ನಮ್ಮ ಕೇಸು ನಡೆದದ್ದು 1923ರ ಆ ಕಾಯ್ದೆಯ ಕೆಳಗೆ, ಮುಂದೆ ಬರುವ ಸೆಕ್ಷನ್ ನಂಬರುಗಳೆಲ್ಲ ಅದರವೇ. 2025ರ ನವೆಂಬರಿನಿಂದ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಆ ಕಾಯ್ದೆಯ 4ನೇ ಸೆಕ್ಷನ್ನಿನ ಲೆಕ್ಕ ಹೀಗಿತ್ತು. ಪೂರ್ತಿಯಾಗಿ, ಶಾಶ್ವತವಾಗಿ ಕೆಲಸಕ್ಕೆ ಆಗದಂತಾದರೆ ತಿಂಗಳ ಕೂಲಿಯ 60 ಪರ್ಸೆಂಟ್ ತೆಗೆದುಕೊಂಡು, ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. ಸಾವಾದರೆ 60ರ ಜಾಗದಲ್ಲಿ 50. ತಿಂಗಳ ಕೂಲಿ ಎಷ್ಟೇ ಇರಲಿ, 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ 15,000. ಅದಕ್ಕೂ ಮೊದಲು 8,000 ಇತ್ತು. ಒಳ್ಳೆಯ ಕಾರ್ಪೆಂಟರ್ ಒಬ್ಬ ತಿಂಗಳಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ದುಡಿಯುತ್ತಾನೆ, ಆದರೂ ಕಾನೂನಿನ ಕಣ್ಣಿಗೆ ಅವನು 15,000ದವನೇ. ನಾವು ಪ್ರೀಮಿಯಂ ಕಟ್ಟುವಾಗ ಮಾತ್ರ ಕೊಟ್ಟ ಕೂಲಿ ಪೂರ್ತಿ ತೋರಿಸಿ ಕಟ್ಟುತ್ತೇವೆ. ಇದು ಸರಿಯಾ ಅಂತ ಏಜೆಂಟರನ್ನು ಕೇಳಿದೆ, ನಕ್ಕರು ಅಷ್ಟೇ.

ನಮ್ಮವರಿಗೆ ಆಗ 35 ವರ್ಷ. ಪಟ್ಟಿಯಲ್ಲಿ 35ಕ್ಕೆ ಇರುವ ಸಂಖ್ಯೆ 197.06. ಅಂದರೆ 9,000 (15,000ದ 60 ಪರ್ಸೆಂಟ್) ಗುಣಿಸು 197.06, ಒಟ್ಟು 17,73,540 ರೂಪಾಯಿ. ಇದು ನೂರಕ್ಕೆ ನೂರು ದುಡಿಮೆ ಹೋದರೆ. ಭಾಗಶಃ ಹೋದರೆ ಎಷ್ಟು ಪರ್ಸೆಂಟ್ ದುಡಿಯುವ ಶಕ್ತಿ ಹೋಯಿತೋ ಅಷ್ಟು ಪಾಲು.

ಜಗಳ ಶುರುವಾಗುವುದೇ ಈ ಪರ್ಸೆಂಟಿನಲ್ಲಿ. ಕೆಲವು ಗಾಯಗಳಿಗೆ ಕಾಯ್ದೆಯ ಪಟ್ಟಿಯಲ್ಲೇ ರೇಟು ಬರೆದಿದೆ. ಹೆಬ್ಬೆರಳು ಹೋದರೆ 30, ತೋರುಬೆರಳು ಪೂರ್ತಿ ಹೋದರೆ 14, ಹೀಗೆ. ಜಜ್ಜಿದ ಮಣಿಕಟ್ಟು ಪಟ್ಟಿಯಲ್ಲಿ ಇಲ್ಲ. ಅಂಥ ಕಡೆ ಡಾಕ್ಟರ್ ದುಡಿಮೆಯ ನಷ್ಟ ಎಷ್ಟು ಅಂತ ಬರೆದುಕೊಡಬೇಕು. ಡಾಕ್ಟರ್ ಬರೆದದ್ದು ಕೈಯ ಊನ 25 ಪರ್ಸೆಂಟ್ ಅಂತ. ವಿಮೆ ಕಂಪನಿಯವರು ತಕ್ಷಣ 25ನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಆದರೆ ಕೈಯ ಊನ ಬೇರೆ, ದುಡಿಮೆಯ ನಷ್ಟ ಬೇರೆ. 1976ರಲ್ಲಿ ಸುಪ್ರೀಂ ಕೋರ್ಟ್ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಕೇಸಿನಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಅದೂ ಒಬ್ಬ ಕಾರ್ಪೆಂಟರ್ ಕೇಸೇ. ಸಿನಿಮಾ ಹಾಲಿನಲ್ಲಿ ಕೆಲಸ ಮಾಡುತ್ತಾ ಬಿದ್ದು ಎಡಗೈ ಕಳೆದುಕೊಂಡವರು. ಒಂದೇ ಕೈಯಲ್ಲಿ ಕಾರ್ಪೆಂಟರ್ ಕೆಲಸ ಮಾಡಲು ಆಗುವುದಿಲ್ಲ, ಆದ್ದರಿಂದ ನಷ್ಟ ಪೂರ್ತಿ ಅಂತ ಕೋರ್ಟು ಒಪ್ಪಿತು. ನಮ್ಮ ಕೇಸಿನಲ್ಲಿ ಕೈ ಉಳಿದಿತ್ತು, ಸಣ್ಣಪುಟ್ಟ ಕೆಲಸ ಮಾಡಬಹುದಿತ್ತು. ಇಂಥ ಪರಿಹಾರದ ಕೇಸುಗಳನ್ನು ತೀರ್ಮಾನ ಮಾಡುವ ಕಮಿಷನರ್ ಎಲ್ಲ ನೋಡಿ 40 ಪರ್ಸೆಂಟ್ ಅಂದರು. ಅಲ್ಲಿಗೆ ಅಸಲು 7,09,416.

ಇದರ ಮಧ್ಯೆ ಒಂದು ತಮಾಷೆ. ಆಸ್ಪತ್ರೆ ಚೀಟಿಯಲ್ಲಿ ಯಾರೋ ಅಂದಾಜಿನಲ್ಲಿ ವಯಸ್ಸು 40 ಅಂತ ಬರೆದುಬಿಟ್ಟಿದ್ದರು. ಕಂಪನಿ ವಕೀಲರು ಅದನ್ನು ಎತ್ತಿಕೊಂಡರು. 40ಕ್ಕೆ ಇರುವ ಸಂಖ್ಯೆ 184.17. ಅಷ್ಟರಲ್ಲೇ ಈ ಕೂಲಿಯವರ ಪಾಲಿಗೆ 46,404 ರೂಪಾಯಿ ಹೋಗುತ್ತಿತ್ತು. ಆಧಾರ್ ತೋರಿಸಿದ ಮೇಲೆ ಸುಮ್ಮನಾದರು. ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ವಯಸ್ಸಿನ ದಾಖಲೆಯ ಜೆರಾಕ್ಸ್ ಇಟ್ಟುಕೊಳ್ಳಿ, ಮಸ್ಟರ್ ರೋಲಿಗೆ (ಹಾಜರಿ ಪುಸ್ತಕಕ್ಕೆ), ಕೂಲಿ ವೋಚರಿಗೆ ಸಹಿ ಹಾಕಿಸಿಕೊಳ್ಳಿ. ಇನ್‌ವೆಸ್ಟಿಗೇಟರ್ ಬಂದಾಗ ಮೊದಲು ಕೇಳಿದ್ದೇ ಇವು. ನನ್ನ ಹತ್ತಿರ ಎಲ್ಲ ಇತ್ತು, ಆ ಮನುಷ್ಯ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ ಹೋದರು.

ಇನ್ನು ತಪ್ಪು ಯಾರದ್ದು ಅನ್ನುವ ಪ್ರಶ್ನೆ. ಪೆಟ್ಟಾದವರು ಗ್ಲೌಸ್ ಹಾಕಿರಲಿಲ್ಲ, ಜಾಗ ಬಿಟ್ಟು ನಿಲ್ಲಬೇಕಿತ್ತು, ಆದ್ದರಿಂದ ಪರಿಹಾರದಲ್ಲಿ ಇಷ್ಟು ಕಡಿಮೆ ಮಾಡಬೇಕು ಅಂತ ಕಂಪನಿ ವಕೀಲರು ವಾದ ಮಾಡಿದರು. ಸಿವಿಲ್ ಕೋರ್ಟಿನಲ್ಲಿ ನಷ್ಟಕ್ಕೆ ದಾವೆ ಹಾಕಿದರೆ ಈ ವಾದಕ್ಕೆ ಬೆಲೆ ಇದೆ. ಅಲ್ಲಿ ಗಾಯವಾದವನ ಅಜಾಗರೂಕತೆ ಎಷ್ಟು, ಮಾಲೀಕನದ್ದೆಷ್ಟು ಅಂತ ಪಾಲು ಹಾಕಿ ಅಷ್ಟು ಕಳೆಯುತ್ತಾರೆ. 1923ರ ಕಾಯ್ದೆಯಲ್ಲಿ ಆ ಪಾಲೇ ಇಲ್ಲ. ಕೆಲಸದಿಂದ, ಕೆಲಸದ ಸಮಯದಲ್ಲಿ ಪೆಟ್ಟಾಯಿತಾ? ಹಾಗಾದರೆ ಕೊಡಬೇಕು. ಕುಡಿದಿದ್ದರೆ, ಸುರಕ್ಷತೆಗೆ ಅಂತ ಹೇಳಿದ ನಿಯಮವನ್ನು ಬೇಕಂತಲೇ ಮೀರಿದ್ದರೆ, ಕೊಟ್ಟ ಸುರಕ್ಷತಾ ಸಾಧನವನ್ನು ಬೇಕಂತಲೇ ಕಿತ್ತಿಟ್ಟಿದ್ದರೆ ಮಾತ್ರ ತಪ್ಪಿಸಿಕೊಳ್ಳಬಹುದು. ಅದೂ ಸಾವು ಅಥವಾ ಪೂರ್ತಿ ಶಾಶ್ವತ ಊನ ಆಗಿದ್ದರೆ ಆ ದಾರಿಯೂ ಮುಚ್ಚಿದೆ. ಗಡಿಬಿಡಿಯಲ್ಲಿ ಗ್ಲೌಸ್ ಮರೆತದ್ದು ಬೇಕಂತಲೇ ಮೀರಿದ್ದಕ್ಕೆ ಸಮ ಆಗುವುದಿಲ್ಲ ಅಂತ ಕಮಿಷನರ್ ಒಂದೇ ಮಾತಿನಲ್ಲಿ ಹೇಳಿದರು. ಅಷ್ಟಕ್ಕೂ ಈ ವಾದದಿಂದ ಉಪಯೋಗ ಯಾರಿಗೆ? ಅವರು ಒಂದೊಂದು ತಾರೀಕು ಎಳೆದಾಗಲೂ ಬಡ್ಡಿ ಏರುತ್ತಿದ್ದದ್ದು ನನ್ನ ತಲೆಯ ಮೇಲೆ.

ಯಾಕೆ ನನ್ನ ತಲೆ ಅಂತ ಹೇಳುತ್ತೇನೆ. ಈ ಪಾಲಿಸಿಯ ಅತಿ ಕೆಟ್ಟ ಭಾಗವೇ ಇದು.

4ಎ ಸೆಕ್ಷನ್ ಪ್ರಕಾರ ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಪರ್ಸೆಂಟ್ ಸರಳ ಬಡ್ಡಿ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಅಸಲಿನ 50 ಪರ್ಸೆಂಟಿನವರೆಗೆ ದಂಡ. ಕೊಡಬೇಕಾದ ದಿನ ಅಂದರೆ ಕಮಿಷನರ್ ಆದೇಶದ ದಿನ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಪಘಾತವಾದ ದಿನವೇ ಅಂತ ಸುಪ್ರೀಂ ಕೋರ್ಟ್ 1976ರ ಆ ಕೇಸಿನಲ್ಲೇ ಹೇಳಿದೆ, 2012ರಲ್ಲಿ ಸಿಬಿ ಜಾರ್ಜ್ ಕೇಸಿನಲ್ಲಿ ಮತ್ತೆ ಹೇಳಿದೆ. ಕೇಸು ಎರಡು ವರ್ಷ ನಡೆದರೆ ಎರಡು ವರ್ಷದ ಬಡ್ಡಿ. 7,09,416ಕ್ಕೆ ಎರಡು ವರ್ಷಕ್ಕೆ ಸುಮಾರು 1,70,260.

ದಂಡವನ್ನು ವಿಮೆ ಕಂಪನಿ ಕೊಡುವುದಿಲ್ಲ, ಅದು ಮಾಲೀಕ ತಡ ಮಾಡಿದ್ದಕ್ಕೆ ಬೀಳುವ ಪೆಟ್ಟು. 1997ರ ವೇದ್ ಪ್ರಕಾಶ್ ಗರ್ಗ್ ಕೇಸಿನಲ್ಲಿ ಅದು ತೀರ್ಮಾನವಾಗಿದೆ. ಇದನ್ನು ನಾನೂ ಒಪ್ಪುತ್ತೇನೆ. ಆದರೆ ಅದೇ ಕೇಸಿನಲ್ಲಿ ಬಡ್ಡಿ ವಿಮೆ ಕಂಪನಿಯದ್ದು ಅಂತಲೂ ಹೇಳಿದ್ದರು. ನಾನು ಅದನ್ನು ತೋರಿಸಿದೆ. ಅವರು 2006ರ ಹರ್ಷದ್‌ಭಾಯಿ ಮೋದಿಯಾ ಕೇಸು ತೋರಿಸಿದರು. ಗರ್ಗ್ ಕೇಸು ವಾಹನ ವಿಮೆಯದ್ದು, ಅಲ್ಲಿ ವಿಮೆ ಕಡ್ಡಾಯ. ಕೂಲಿಯವರ ವಿಮೆ ಹಾಗಲ್ಲ, ಅದು ಮಾಲೀಕ ಮತ್ತು ಕಂಪನಿ ನಡುವಿನ ಒಪ್ಪಂದ. ಒಪ್ಪಂದದಲ್ಲಿ ಬಡ್ಡಿ ಕೊಡುವುದಿಲ್ಲ ಅಂತ ಬರೆದಿದ್ದರೆ ಕೊಡಬೇಕಾಗಿಲ್ಲ. ನನ್ನ ಪಾಲಿಸಿಯಲ್ಲಿ ಹಾಗೆ ಬರೆದಿತ್ತು. ಕಾನೂನಿನ ಪ್ರಕಾರ ಅವರು ಸರಿ. ಆದರೆ ಕೇಸು ನಡೆಸುವ ಅಧಿಕಾರ ಪೂರ್ತಿ ಕಂಪನಿಯ ಕೈಯಲ್ಲಿ, ತಾರೀಕು ಎಳೆಯುವವರು ಅವರು, ಎಳೆದದ್ದಕ್ಕೆ ಬಡ್ಡಿ ಕಟ್ಟುವವನು ನಾನು ಅಂದರೆ ಇದು ಯಾವ ಸೀಮೆ ನ್ಯಾಯ? ಬಾಡಿಗೆ ಕಾರಿನಲ್ಲಿ ಅವರೇ ಡ್ರೈವರ್ ಆಗಿ ಸುತ್ತುಬಳಸಿ ಹೋಗಿ, ಡೀಸೆಲ್ ದುಡ್ಡು ನೀನು ಕೊಡು ಅಂದಂತೆ.

ಕೇಸು ನಡೆಸುವ ಅಧಿಕಾರದ ಷರತ್ತು ಹೀಗಿದೆ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನಾನು ಹೊಣೆ ಒಪ್ಪಿಕೊಳ್ಳುವ ಹಾಗಿಲ್ಲ, ಇಷ್ಟು ಕೊಡುತ್ತೇನೆ ಅಂತ ಮಾತು ಕೊಡುವ ಹಾಗಿಲ್ಲ. ಪೆಟ್ಟಾದವರು ನನ್ನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರ ಹೆಂಡತಿ ಬಂದು, "ಅಣ್ಣಾ, ಏನಾದ್ರೂ ಕೊಡ್ತಾರಾ ಇಲ್ವಾ, ಒಂದು ಮಾತು ಹೇಳಿ" ಅಂದರೆ ನಾನು ಹೌದು ಅನ್ನುವುದಕ್ಕೂ ಹೆದರಬೇಕು.

ಇದಕ್ಕೆ ಒಂದು ದಾರಿ ಕಾಯ್ದೆಯೊಳಗೇ ಇದೆ, ನಮ್ಮ ವಕೀಲರು ತೋರಿಸಿಕೊಟ್ಟರು. 4ಎ ಸೆಕ್ಷನ್ನಿನ ಎರಡನೇ ಭಾಗದ ಪ್ರಕಾರ ಮಾಲೀಕ ಪೂರ್ತಿ ಮೊತ್ತ ಒಪ್ಪದಿದ್ದರೂ ತಾನು ಒಪ್ಪುವಷ್ಟನ್ನು ತಾತ್ಕಾಲಿಕವಾಗಿ ಕಟ್ಟಲೇಬೇಕು. ಕೊಡಬಹುದು ಅಂತಲ್ಲ, ಕೊಡಲೇಬೇಕು ಅಂತ ಇದೆ. ಕಂಪನಿಯವರೇ 25 ಪರ್ಸೆಂಟ್ ಅನ್ನುತ್ತಿದ್ದರಲ್ಲ? ಆ 25ರ ಲೆಕ್ಕದಲ್ಲಿ 4,43,385 ಆಗುತ್ತದೆ. ಇಷ್ಟನ್ನು ಕಟ್ಟಿ ಅಂತ ಅವರಿಗೆ ಬರೆದೆವು. ಉತ್ತರ ಬರಲಿಲ್ಲ. ಮತ್ತೆ ಬರೆದೆವು, ನಾವು ಕಟ್ಟುತ್ತಿದ್ದೇವೆ, ಇದು ಕಾನೂನಿನ ಕಡ್ಡಾಯ, ಇದನ್ನು ಹೊಣೆ ಒಪ್ಪಿಕೊಂಡದ್ದು ಅಂತ ತಿಳಿಯಬಾರದು ಅಂತ. ಅಪಘಾತವಾಗಿ ಅರ್ಧ ವರ್ಷದ ಹೊತ್ತಿಗೆ ಸಾಲ ಎತ್ತಿ ಕಮಿಷನರ್ ಹತ್ತಿರ ಡಿಪಾಸಿಟ್ ಮಾಡಿದೆ.

ಅದರಿಂದ ಎರಡು ಉಪಯೋಗ ಆಯಿತು. ದಂಡ ಬೀಳಲಿಲ್ಲ, ಯಾಕಂದ್ರೆ ಮಾಲೀಕ ಕೈಕಟ್ಟಿ ಕೂತಿರಲಿಲ್ಲ ಅನ್ನುವುದು ದಾಖಲೆಯಲ್ಲೇ ಇತ್ತು. ಬಡ್ಡಿಯೂ ಉಳಿದ 2,66,031ರ ಮೇಲೆ ಮಾತ್ರ ಓಡಿತು. ಮೊದಲ ಅರ್ಧ ವರ್ಷದ್ದೂ ಸೇರಿ ಎರಡು ವರ್ಷಕ್ಕೆ ಸುಮಾರು 90,450 ಆಯಿತು. ಸುಮ್ನೆ ಕೂತಿದ್ದರೆ 1,70,260. ಡಿಪಾಸಿಟ್ ಮಾಡಿದ ದುಡ್ಡನ್ನು ಕಂಪನಿ ಮೊದಲು ಹೊಣೆ ಒಪ್ಪಿಕೊಂಡಂತೆ ಅಂತ ತಕರಾರು ತೆಗೆಯಿತು, ಆದೇಶ ಬಂದ ಮೇಲೆ ವಾಪಸ್ ಕೊಟ್ಟಿತು. ಅಸಲು ಮಾತ್ರ ಚುಕ್ತಾ. 90 ಸಾವಿರ ನಾನು ಕಟ್ಟಿದೆ.

ಆಸ್ಪತ್ರೆ ಖರ್ಚಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2009ರ ತಿದ್ದುಪಡಿ ಆದಾಗಿನಿಂದ ನಿಜವಾಗಿ ಆದ ಚಿಕಿತ್ಸೆ ಖರ್ಚನ್ನು ಮಾಲೀಕ ಕೊಡಬೇಕು, ಅದಕ್ಕೆ ಕಾಯ್ದೆಯಲ್ಲಿ ಮಿತಿ ಇಲ್ಲ. ಪಾಲಿಸಿಯಲ್ಲಿ ಮಿತಿ ಇದೆ. ಅದೂ ಮೆಡಿಕಲ್ ಎಕ್ಸ್‌ಟೆನ್ಶನ್ ಅಂತ ಬೇರೆ ದುಡ್ಡು ಕಟ್ಟಿ ತೆಗೆದುಕೊಂಡರೆ ಮಾತ್ರ. ನಾನು ತೆಗೆದುಕೊಂಡಿದ್ದೆ, ಮೊದಲ ಆಪರೇಷನ್ನಿಗೇ ಮಿತಿ ಮುಗಿಯಿತು. ಪ್ಲೇಟ್ ತೆಗೆಯುವ ಎರಡನೇ ಆಪರೇಷನ್ ನನ್ನದು. ಆಸ್ಪತ್ರೆಗೆ ಕೊಟ್ಟದ್ದನ್ನು ಪರಿಹಾರದಲ್ಲಿ ಹಿಡಿದುಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚಿಕಿತ್ಸೆಗೆ ಕೊಟ್ಟದ್ದು ಪರಿಹಾರ ಅಂತ ಲೆಕ್ಕಕ್ಕೆ ಬರುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ.

ಈಗ ವಕೀಲರ ಬಿಲ್ಲುಗಳು. ಪಾಲಿಸಿಯಲ್ಲಿ ಒಂದು ಸಾಲು ಇದೆ: ಕಂಪನಿಯ ಒಪ್ಪಿಗೆಯಿಂದ ಆದ ವಾದದ ಖರ್ಚನ್ನು ಕಂಪನಿ ಕೊಡುತ್ತದೆ. ಈ "ಒಪ್ಪಿಗೆಯಿಂದ" ಅನ್ನುವಲ್ಲೇ ಎಲ್ಲ ಇರುವುದು. ಕೇಸಿನಲ್ಲಿ ನಾನು ಒಂದನೇ ಎದುರುದಾರ, ಬಿಲ್ಡರ್ ಎರಡನೆಯವರು, ವಿಮೆ ಕಂಪನಿ ಮೂರನೆಯವರು. ಕಂಪನಿ ತನ್ನ ಪ್ಯಾನೆಲ್ ವಕೀಲರನ್ನು, ಅಂದರೆ ತನ್ನದೇ ಪಟ್ಟಿಯಲ್ಲಿರುವ ವಕೀಲರನ್ನು, ತನಗೆ ಇಟ್ಟುಕೊಂಡಿತು. ಅವರ ವಾದ ಕಂಪನಿಯನ್ನು ಕಾಪಾಡುವುದಕ್ಕೆ, ನನ್ನನ್ನಲ್ಲ. ವಯಸ್ಸಿನ ವಿಷಯದಲ್ಲಿ, ಪರ್ಸೆಂಟಿನ ವಿಷಯದಲ್ಲಿ ನನ್ನ ಹೇಳಿಕೆ ಅವರ ವಾದಕ್ಕೆ ಉಲ್ಟಾ ಇತ್ತು. ಪೆಟ್ಟಾದವರಿಗೆ ಕೆಲಸ ಮಾಡಲು ಆಗುತ್ತಿಲ್ಲ, ನಾನೇ ನೋಡಿದ್ದೇನೆ ಅಂತ ನಾನು ಸಾಕ್ಷಿ ಹೇಳಿದೆ. ಹಾಗಾಗಿ ನನಗೆ ಬೇರೆ ವಕೀಲರು ಬೇಕೇ ಬೇಕಿತ್ತು. ಒಪ್ಪಿಗೆ ಕೇಳಿ ಕಾಗದ ಬರೆದೆ. ಪ್ಯಾನೆಲ್ ವಕೀಲರು ಇದ್ದಾರಲ್ಲ ಅಂತ ಉತ್ತರ ಬಂತು. ನನ್ನ ವಕೀಲರ ಫೀಸು ನನ್ನ ಜೇಬಿನಿಂದಲೇ ಹೋಯಿತು. ಈ ಸಾಲನ್ನು ಬದಲಾಯಿಸಿ, ಹಿತಾಸಕ್ತಿ ಬೇರೆಯಾದಾಗ ಪಾಲಿಸಿ ಮಾಡಿಸಿದವನ ವಕೀಲರ ಖರ್ಚನ್ನೂ ಕೊಡುತ್ತೇವೆ ಅಂತ ಬರೆದುಕೊಡುವ ಕಂಪನಿ ಯಾವುದಾದರೂ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ, ನಾಳೆಯೇ ಅಲ್ಲಿಗೆ ಹೋಗುತ್ತೇನೆ.

ಬಿಲ್ಡರ್ ಬಿಲ್ಲು ಇನ್ನೂ ಸ್ವಾರಸ್ಯ. 12ನೇ ಸೆಕ್ಷನ್ ಪ್ರಕಾರ ಕೂಲಿಯವರು ಪರಿಹಾರವನ್ನು ಸಬ್ ಕಾಂಟ್ರಾಕ್ಟರ್ ಹತ್ತಿರ ಕೇಳಬಹುದು, ಇಲ್ಲವೇ ಕೆಲಸ ಕೊಟ್ಟ ಬಿಲ್ಡರ್ ಹತ್ತಿರ ಕೇಳಬಹುದು. ಯಾರು ಸುಲಭವಾಗಿ ಸಿಗುತ್ತಾರೋ ಅವರನ್ನು ಹಿಡಿಯಲಿ, ಒಳಜಗಳ ನೀವು ಆಮೇಲೆ ಮಾಡಿಕೊಳ್ಳಿ ಅನ್ನುವುದು ಇದರ ತರ್ಕ. ಒಳ್ಳೆಯ ತರ್ಕ. ಬಿಲ್ಡರ್ ಕೊಟ್ಟರೆ ಅದನ್ನು ಕಾಂಟ್ರಾಕ್ಟರ್‌ನಿಂದ ವಸೂಲಿ ಮಾಡಬಹುದು, ಆ ಬಗ್ಗೆ ಒಪ್ಪಂದ ಆಗದಿದ್ದರೆ ಕಮಿಷನರೇ ತೀರ್ಮಾನ ಮಾಡುತ್ತಾರೆ. ಸ್ವಂತಕ್ಕೆ ಮನೆ ಕಟ್ಟಿಸುವವರನ್ನು ಇದರಲ್ಲಿ ಸಿಕ್ಕಿಸುವುದು ಕಷ್ಟ, ಯಾಕಂದ್ರೆ ಕೆಲಸ ಕೊಟ್ಟವರ ವ್ಯಾಪಾರಕ್ಕೆ ಸಂಬಂಧಿಸಿದ ಕೆಲಸ ಆಗಿರಬೇಕು ಅಂತ ಆ ಸೆಕ್ಷನ್ನಿನಲ್ಲಿದೆ. ಬಿಲ್ಡರಿಗೆ ಕಟ್ಟಡವೇ ವ್ಯಾಪಾರ, ತಪ್ಪಿಸಿಕೊಳ್ಳುವ ಹಾಗಿಲ್ಲ.

ನನ್ನ ವಿಮೆ ಇದ್ದದ್ದರಿಂದ ಬಿಲ್ಡರ್ ಪರಿಹಾರಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಲಿಲ್ಲ. ಆದರೂ ಆದೇಶ ಬಂದ ಮೇಲೆ ನನಗೊಂದು ನೋಟಿಸ್ ಕಳಿಸಿದರು, ಅವರ ವಕೀಲರ ಪೂರ್ತಿ ಫೀಸು ನಾನು ಕೊಡಬೇಕಂತೆ. ಯಾಕೆ ಅಂದರೆ ನಮ್ಮ ಕೆಲಸದ ಒಪ್ಪಂದದಲ್ಲಿ, ಕೂಲಿಯವರಿಂದ ಬರುವ ಯಾವುದೇ ಕ್ಲೇಮಿನಿಂದ ಬಿಲ್ಡರಿಗೆ ಆಗುವ ನಷ್ಟವನ್ನು "ಕಾನೂನು ವೆಚ್ಚ ಸಹಿತ" ಕಾಂಟ್ರಾಕ್ಟರ್ ತುಂಬಿಕೊಡಬೇಕು ಅಂತ ಇದೆ. ಈ ಸಾಲು ಇಲ್ಲದ ಒಪ್ಪಂದವನ್ನು ಯಾವ ಬಿಲ್ಡರೂ ಕೊಡುವುದಿಲ್ಲ ಬಿಡಿ. ವಿಮೆ ಕಂಪನಿಯನ್ನು ಕೇಳಿದರೆ, ಒಪ್ಪಂದದ ಮೂಲಕ ನೀವಾಗಿ ಹೊತ್ತುಕೊಂಡ ಹೊಣೆ ಪಾಲಿಸಿಗೆ ಬರುವುದಿಲ್ಲ ಅಂದರು. ಅದೂ ಬರೆದೇ ಇತ್ತು.

ನಾವು ಕೊಟ್ಟ ಉತ್ತರ ಎರಡು. ಒಂದು, 12ನೇ ಸೆಕ್ಷನ್ ವಸೂಲಿ ಮಾಡಬಹುದು ಅನ್ನುವುದು ಪರಿಹಾರವನ್ನು, ಅದರಲ್ಲಿ ವಕೀಲರ ಫೀಸಿನ ಮಾತಿಲ್ಲ. ಎರಡು, ಜಾರಿದ ಜಾಕಿ ಯಾರದ್ದು? ಜಾಕಿ, ಶೀಟು ಎಲ್ಲ ಬಿಲ್ಡರೇ ಬಾಡಿಗೆಗೆ ತರಿಸಿದ್ದು. ಆ ಜಾಕಿಯ ಪಿನ್ನು ಸವೆದಿದೆ, ಬದಲಾಯಿಸಿ ಅಂತ ಅವರ ಸೈಟ್ ಇಂಜಿನಿಯರಿಗೆ ನಾನು ಕಳಿಸಿದ ವಾಟ್ಸಾಪ್ ಮೆಸೇಜು, ಫೋಟೊ ಸಮೇತ ಇತ್ತು. ಕೂಲಿಯವರ ಪರಿಹಾರದಲ್ಲಿ ಯಾರ ತಪ್ಪೆಷ್ಟು ಅನ್ನುವುದಕ್ಕೆ ಜಾಗ ಇಲ್ಲದಿದ್ದರೂ, ಬಿಲ್ಡರ್ ಮತ್ತು ಕಾಂಟ್ರಾಕ್ಟರ್ ನಡುವಿನ ಲೆಕ್ಕದಲ್ಲಿ ಅದು ಬಂದೇ ಬರುತ್ತದೆ. ಮೆಸೇಜಿನ ಪ್ರಿಂಟು ನೋಡಿದ ಮೇಲೆ ಅವರ ದನಿ ಇಳಿಯಿತು. ಕೊನೆಗೆ ಅವರವರ ವಕೀಲರ ಫೀಸು ಅವರವರದ್ದು ಅಂತ ಬರೆದುಕೊಂಡು ಸಹಿ ಹಾಕಿದೆವು. ನನ್ನ ಹಳೇ ಬಿಲ್ಲಿನಲ್ಲಿ ಹಿಡಿದಿಟ್ಟಿದ್ದ ದುಡ್ಡೂ ಅವತ್ತೇ ಬಂತು.

ಇದೇ ಬಿಲ್ಡರ್ ಶುರುವಿನಲ್ಲಿ ಇನ್ನೊಂದು ಐಡಿಯಾ ಕೊಟ್ಟಿದ್ದರು. "ಕೇಸು ಗೀಸು ಯಾಕ್ರೀ, ಒಂದು ಮೊತ್ತ ಕೊಟ್ಟು ಬಾಂಡ್ ಪೇಪರ್ ಮೇಲೆ ಬರೆಸ್ಕೊಂಡು ಮುಗಿಸಿಬಿಡಿ." ಹೀಗೆ ಮುಗಿಸುವವರು ತುಂಬಾ ಜನ ಇದ್ದಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಅಂತ ಕೂಲಿಯವರಿಂದ ಬರೆಸಿಕೊಂಡರೆ 17ನೇ ಸೆಕ್ಷನ್ ಪ್ರಕಾರ ಅದು ರದ್ದಿ ಕಾಗದ. ಮೊತ್ತದ ಬಗ್ಗೆ ಒಪ್ಪಂದ ಮಾಡಿಕೊಳ್ಳಬಹುದು, ಆದರೆ ಅದನ್ನು ಕಮಿಷನರ್ ಹತ್ತಿರ ನೋಂದಣಿ ಮಾಡಿಸಬೇಕು, ಮೊತ್ತ ಕಡಿಮೆ ಅನ್ನಿಸಿದರೆ ಅವರು ನೋಂದಣಿ ಮಾಡದೆ ಇರಬಹುದು. ನೋಂದಣಿ ಮಾಡಿಸದೆ ಕೊಟ್ಟರೆ ಆಮೇಲೆ ಪೂರ್ತಿ ಪರಿಹಾರದ ಹೊಣೆ ಹಾಗೇ ಇರುತ್ತದೆ, ಮೊದಲೇ ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಕಳೆದುಕೊಳ್ಳಲು ಬಿಡುವುದಿಲ್ಲ. ಜೊತೆಗೆ ಕಂಪನಿಯ ಒಪ್ಪಿಗೆ ಇಲ್ಲದೆ ಮಾತು ಕೊಟ್ಟಿರಿ ಅಂತ ಪಾಲಿಸಿಯೂ ಕೈಬಿಡುತ್ತದೆ. ಎರಡೂ ಕಡೆ ಹೊಡೆತ.

ಕೂಲಿಯವರ ವಕೀಲರ ಖರ್ಚು ನನ್ನ ಪಾಲಿಸಿಗೆ ಸಂಬಂಧಿಸಿದ್ದಲ್ಲ. ಆದರೂ ಕಣ್ಣಾರೆ ಕಂಡದ್ದನ್ನು ಬರೆಯದೆ ಇರಲಾರೆ. ಆಸ್ಪತ್ರೆಯಲ್ಲೇ ಯಾರೋ ಮಧ್ಯವರ್ತಿ ಬಂದು, ಬಂದ ದುಡ್ಡಿನಲ್ಲಿ ಕಾಲು ಭಾಗ ಕೊಟ್ಟರೆ ಸಾಕು, ನಾವು ಕೇಸು ನಡೆಸುತ್ತೇವೆ ಅಂದಿದ್ದನಂತೆ. ಗೆದ್ದರೆ ಇಷ್ಟು ಪಾಲು ಅಂತ ವಕೀಲರು ಫೀಸು ಮಾತಾಡುವ ಹಾಗಿಲ್ಲ, ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ಅದನ್ನು ನೇರವಾಗಿ ಬೇಡ ಅನ್ನುತ್ತದೆ. ಪರಿಹಾರದ ದುಡ್ಡನ್ನು ಬೇರೆಯವರಿಗೆ ಬರೆದುಕೊಡುವ ಹಾಗೂ ಇಲ್ಲ, ಸಾಲಕ್ಕೆ ಜಪ್ತಿ ಮಾಡುವ ಹಾಗೂ ಇಲ್ಲ, ಅದು 9ನೇ ಸೆಕ್ಷನ್. ಕೇಸಿನ ಖರ್ಚನ್ನು ಯಾರು ಕೊಡಬೇಕು ಅನ್ನುವುದು ಕಮಿಷನರ್ ವಿವೇಚನೆಗೆ ಬಿಟ್ಟದ್ದು. ನಮ್ಮ ಕೇಸಿನಲ್ಲಿ ಸಣ್ಣ ಮೊತ್ತ ಕೊಡಿಸಿದರು. ಆ ಮೊತ್ತದಲ್ಲಿ ಯಾವ ವಕೀಲರ ಫೀಸೂ ಹುಟ್ಟುವುದಿಲ್ಲ. ಆದರೆ ಕೈಗಾರಿಕಾ ಕಾರ್ಮಿಕರಿಗೆ, ಅಂಗವಿಕಲರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 1987ರ ಕಾಯ್ದೆ ಇದೆ, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಈ ನಂಬರನ್ನು ಅವರಿಗೆ ಕೊಟ್ಟದ್ದು ನಾನೇ. ಎದುರು ಪಕ್ಷದವನಿಗೆ ವಕೀಲರನ್ನು ಹುಡುಕಿಕೊಟ್ಟೆ ಅಂತ ಕಂಪನಿಯ ಅಧಿಕಾರಿ ಸಿಟ್ಟಾದರು. ಆಗಲಿ ಬಿಡಿ.

ಅಪೀಲು ಹೋಗುತ್ತೇವೆ ಅಂತಲೂ ಒಂದಷ್ಟು ದಿನ ಹೆದರಿಸಿದರು. ಹೈಕೋರ್ಟಿಗೆ ಹೋಗಬೇಕಾದರೆ ಮುಖ್ಯವಾದ ಕಾನೂನಿನ ಪ್ರಶ್ನೆ ಇರಬೇಕು, 40 ಪರ್ಸೆಂಟ್ ಜಾಸ್ತಿ ಆಯಿತು ಅಂದರೆ ಸಾಲದು. ಹೋಗಲಿಲ್ಲ. ಆದೇಶವಾದ ಕೆಲವೇ ವಾರದಲ್ಲಿ ಅಸಲು ಜಮಾ ಆಯಿತು. ಇದನ್ನು ಒಪ್ಪಿಕೊಳ್ಳಲೇಬೇಕು. ಈ ಪಾಲಿಸಿ ಇಲ್ಲದಿದ್ದರೆ 7 ಲಕ್ಷ ಒಟ್ಟಿಗೆ ನನ್ನಂಥವನಿಗೆ ಹುಟ್ಟುತ್ತಿರಲಿಲ್ಲ, ಆ ಮನುಷ್ಯನಿಗೂ ಸಿಗುತ್ತಿರಲಿಲ್ಲ. ಆ ಮೂರು ಸ್ಟಾರ್ ಇದಕ್ಕೇ. ಒಂದು ಸ್ಟಾರ್ ಕಳೆದದ್ದು ಬಡ್ಡಿಗೆ, ಇನ್ನೊಂದು ವಕೀಲರ ಖರ್ಚಿಗೆ.

ಕೊಳ್ಳುವವರು ನೋಡಬೇಕಾದ ಇನ್ನೆರಡು ವಿಷಯ. ನಿಮ್ಮ ಹುಡುಗರಿಗೆ ಸರ್ಕಾರದ ಕಾರ್ಮಿಕ ವಿಮೆ, ಅಂದರೆ ಇಎಸ್‌ಐ ಇದ್ದರೆ ಅದೇ ಗಾಯಕ್ಕೆ ಈ ಕಾಯ್ದೆಯಲ್ಲಿ ಪರಿಹಾರ ಕೇಳುವ ಹಾಗಿಲ್ಲ, ಪಾಲಿಸಿ ಮಾಡುವ ಮುಂಚೆ ಯಾರು ಯಾವುದರಲ್ಲಿ ಬರುತ್ತಾರೆ ಅಂತ ನೋಡಿಕೊಳ್ಳಿ. ಇನ್ನೊಂದು, ನೀವು ಕೆಲಸವನ್ನು ಇನ್ನೊಬ್ಬ ಮೇಸ್ತ್ರಿಗೆ ಒಳಗುತ್ತಿಗೆ ಕೊಟ್ಟರೆ ಅವನ ಹುಡುಗರು ತಾವಾಗಿಯೇ ಪಾಲಿಸಿಯೊಳಗೆ ಬರುವುದಿಲ್ಲ. ಒಳಗುತ್ತಿಗೆದಾರರ ಕೂಲಿಯವರು ಅಂತ ಬೇರೆ ಸೇರಿಸಿ, ಅವರ ಕೂಲಿಯನ್ನೂ ತೋರಿಸಿ ಬರೆಸಬೇಕು. 12ನೇ ಸೆಕ್ಷನ್ನಿನಲ್ಲಿ ಬಿಲ್ಡರ್ ಜಾಗಕ್ಕೆ ನೀವೇ ಬಂದು ನಿಂತಿರುತ್ತೀರಿ, ಆಗ ಗೊತ್ತಾಗುತ್ತದೆ.

ಈ ಸಲದ ರಿನ್ಯೂವಲ್‌ಗೆ ಏಜೆಂಟರಿಗೆ ಮೇಲ್ ಹಾಕಿದ್ದೇನೆ, ಫೋನಿನಲ್ಲಿ ಮಾತಾಡುವುದು ಬಿಟ್ಟಿದ್ದೇನೆ. ಕೇಳಿದ್ದು ಮೂರೇ ವಿಷಯ. ಬಡ್ಡಿಯನ್ನೂ ಸೇರಿಸಲು ಎಷ್ಟು ಜಾಸ್ತಿ ಕಟ್ಟಬೇಕು? ಮೆಡಿಕಲ್ ಮಿತಿಯನ್ನು ಏರಿಸಲು ಎಷ್ಟು? 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1923ರ ಕಾಯ್ದೆಯ ಜಾಗ ಹಿಡಿದಿದೆ. ಮನೆಯಿಂದ ಕೆಲಸಕ್ಕೆ ಬರುವ ದಾರಿಯಲ್ಲಿ ಆಗುವ ಅಪಘಾತವೂ ಕೆಲಸಕ್ಕೆ ಸಂಬಂಧ ಇದ್ದರೆ ಅದರಲ್ಲಿ ಸೇರುತ್ತದೆ. ನಿಮ್ಮ ಪಾಲಿಸಿ ಪುಸ್ತಕದಲ್ಲಿ ಇನ್ನೂ 1923 ಅಂತಲೇ ಅಚ್ಚಾಗಿದೆ, ಹೊಸ ಕಾನೂನಿನ ಹೊಣೆಯನ್ನೂ ಕಂಪನಿ ಹೊರುತ್ತದೆ ಅಂತ ಪಾಲಿಸಿಗೆ ಸೇರಿಸುವ ಕಾಗದ, ಅಂದರೆ ಎಂಡಾರ್ಸ್‌ಮೆಂಟ್ ಕೊಡುತ್ತೀರಾ? ಮೊದಲೆರಡಕ್ಕೆ ರೇಟು ಬಂದಿದೆ, ಬಡ್ಡಿಯ ರೇಟು ನಾನು ಅಂದುಕೊಂಡಷ್ಟು ಜಾಸ್ತಿ ಇಲ್ಲ, ಹಾಕಿಸುತ್ತಿದ್ದೇನೆ. ಮೂರನೆಯದಕ್ಕೆ "ಹೆಡ್ ಆಫೀಸಿಗೆ ಕಳಿಸಿದ್ದೇವೆ ಸಾರ್" ಅಂತ ಉತ್ತರ ಬಂದಿದೆ. ಅದು ಬರವಣಿಗೆಯಲ್ಲಿ ಬರುವ ತನಕ ಚೆಕ್ ಕೊಡುವುದಿಲ್ಲ ಅಂತ ಹೇಳಿದ್ದೇನೆ.